ರ‍್ಯಾಡಿಕಲ್ ಡೆಮಾಕ್ರಟಿಕ್ ಪಕ್ಷ: ಧ್ಯೇಯ, ಕಾರ್ಯನೀತಿ ಮತ್ತು ವಿಸರ್ಜನೆ

ರಾಜಕೀಯ ಪಕ್ಷಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅಧಿಕಾರಕ್ಕೆ ಬಂದ ಪಕ್ಷಗಳನ್ನೇ ವಿಷಯವಾಗಿ ಆರಿಸಿಕೊಳ್ಳುವರು. ಅಧಿಕಾರಕ್ಕೆ ಬಾರದೆ ಹೋದ ಪಕ್ಷಕ್ಕೆ ಒಂದು ಅಡಿಟಿಪ್ಪಣಿ ದೊರೆತರೆ ಅದೇ ಹೆಚ್ಚು. ಆದರೆ ಯಾವ ಸರ್ಕಾರವೂ ನಿಷೇಧಿಸದೆ ಇರುವಾಗ, ಯಾವ ಪಕ್ಷದೊಡನೆಯೂ ವಿಲೀನವಾಗದೆ, ಸಮ್ಮೇಳನದಲ್ಲಿ ನಿರ್ಣಯ ಮಾಡಿ ತನ್ನನ್ನು ತಾನೇ ವಿಸರ್ಜಿಸಿಕೊಂಡ ಪಕ್ಷವೊಂದಿದ್ದರೆ, ಅದು ಅಡಿಟಿಪ್ಪಣಿಗಿಂತ ಹೆಚ್ಚಿನ ವಿಚಾರಣೆಗೆ ಅರ್ಹವಾದುದು. ಎಂ. ಎನ್. ರಾಯ್ ಅವರ ನೇತೃತ್ವದಲ್ಲಿ 1940ರ ಡಿಸೆಂಬರಿನಲ್ಲಿ ಹುಟ್ಟಿ 1948ರ ಡಿಸೆಂಬರಿನಲ್ಲಿ ಕೊನೆಗೊಂಡ ರ‍್ಯಾಡಿಕಲ್ ಡೆಮಾಕ್ರಟಿಕ್ ಪಕ್ಷವು ಅಂತಹುದು. ಅದರ ಆಯುಸ್ಸು ಎಂಟೇ ವರ್ಷ.

ಆಧುನಿಕ ಭಾರತದ ಇತಿಹಾಸವನ್ನು ಪಾಠ ಹೇಳುವಾಗ ಈ ಪಕ್ಷದ ಪ್ರಸ್ತಾಪ ಬಂದರೆ ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ ಒಂದೇ: ಚುನಾವಣೆಯಲ್ಲಿ ಸೋತದ್ದರಿಂದ ಮುಚ್ಚಿಕೊಂಡರೇ, ಅಥವಾ ತತ್ತ್ವಕ್ಕಾಗಿ ಮುಚ್ಚಿಕೊಂಡರೇ? ಪ್ರಶ್ನೆ ಸರಳವಾಗಿ ಕಂಡರೂ ಉತ್ತರ ಅಷ್ಟು ಸರಳವಲ್ಲ. ಪಕ್ಷದ ಧ್ಯೇಯ ಮತ್ತು ಕಾರ್ಯನೀತಿಗಳನ್ನು ಅವುಗಳ ಕಾಲಕ್ರಮದಲ್ಲಿ ಪರಿಶೀಲಿಸಿ ಆ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಪ್ರಸ್ತುತ ಲೇಖನದ ಉದ್ದೇಶ.

1. ಸ್ಥಾಪಕರ ಪೂರ್ವವೃತ್ತಾಂತ

ನರೇಂದ್ರನಾಥ ಭಟ್ಟಾಚಾರ್ಯ ಎಂಬುದು ರಾಯ್ ಅವರ ಜನ್ಮನಾಮ. 1887ರಲ್ಲಿ ಬಂಗಾಳದಲ್ಲಿ ಹುಟ್ಟಿದ ಇವರು ತಾರುಣ್ಯದಲ್ಲಿಯೇ ಸಶಸ್ತ್ರ ಕ್ರಾಂತಿಕಾರರ ಗುಂಪನ್ನು ಸೇರಿದರು. 1915ರಲ್ಲಿ ಜರ್ಮನಿಯಿಂದ ಬರಬೇಕಾಗಿದ್ದ ಆಯುಧಗಳನ್ನು ಅರಸಿಕೊಂಡು ದೇಶವನ್ನು ಬಿಟ್ಟವರು ಪೂರ್ವದ ದ್ವೀಪಗಳನ್ನೂ ಚೀಣ, ಜಪಾನುಗಳನ್ನೂ ಸುತ್ತಿ ಅಮೆರಿಕವನ್ನು ತಲುಪಿದರು. ಮಾನವೇಂದ್ರನಾಥ ರಾಯ್ ಎಂಬ ಹೆಸರನ್ನು ಇಟ್ಟುಕೊಂಡದ್ದು ಅಲ್ಲಿಯೇ. ಮೆಕ್ಸಿಕೋದಲ್ಲಿ ಕಮ್ಯೂನಿಸ್ಟ್ ಪಕ್ಷದ ಸ್ಥಾಪನೆಯಲ್ಲಿ ಭಾಗವಹಿಸಿ, 1920ರಲ್ಲಿ ಕಮ್ಯೂನಿಸ್ಟ್ ಇಂಟರ್‌ನ್ಯಾಷನಲ್‌ನ ಎರಡನೆಯ ಮಹಾಸಭೆಗೆ ಹೋಗಿ, ವಸಾಹತುಗಳ ಪ್ರಶ್ನೆಯ ಮೇಲೆ ಲೆನಿನ್ನರ ಸಿದ್ಧಾಂತಪತ್ರದೊಡನೆ ತಮ್ಮದೊಂದು ಪೂರಕ ಸಿದ್ಧಾಂತಪತ್ರವನ್ನೂ ಮಂಡಿಸಿದರು. 1929ರಲ್ಲಿ ಅದೇ ಸಂಸ್ಥೆ ಅವರನ್ನು ಹೊರಹಾಕಿತು.

1930ರ ಕೊನೆಯಲ್ಲಿ ವೇಷಮರೆಸಿಕೊಂಡು ಭಾರತಕ್ಕೆ ಮರಳಿದ ರಾಯ್ 1931ರ ಜುಲೈನಲ್ಲಿ ಮುಂಬಯಿಯಲ್ಲಿ ಸೆರೆಸಿಕ್ಕರು. ಹನ್ನೆರಡು ವರ್ಷಗಳ ಶಿಕ್ಷೆ ಮೇಲ್ಮನವಿಯಲ್ಲಿ ಆರಕ್ಕೆ ಇಳಿದು, 1936ರ ನವೆಂಬರಿನಲ್ಲಿ ಬಿಡುಗಡೆಯಾಯಿತು. ಸೆರೆಮನೆಯ ವರ್ಷಗಳಲ್ಲಿ ಅವರು ವಿಜ್ಞಾನ ಮತ್ತು ತತ್ತ್ವಶಾಸ್ತ್ರಗಳ ಕುರಿತು ಸಾವಿರಾರು ಪುಟಗಳನ್ನು ಬರೆದರು. ಮಾರ್ಕ್ಸ್‌ವಾದದ ನಿಶ್ಚಿತ ಸೂತ್ರಗಳಿಂದ ಅವರ ಮನಸ್ಸು ದೂರ ಸರಿಯತೊಡಗಿದ ಕಾಲವಿದು. ಬಿಡುಗಡೆಯಾದ ಮೇಲೆ ಕಾಂಗ್ರೆಸ್ಸನ್ನು ಸೇರಿ, 1937ರಲ್ಲಿ ‘ಇಂಡಿಪೆಂಡೆಂಟ್ ಇಂಡಿಯ’ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. 1940ರ ಕಾಂಗ್ರೆಸ್ ಅಧ್ಯಕ್ಷ ಚುನಾವಣೆಯಲ್ಲಿ ಮೌಲಾನಾ ಆಜಾದರ ವಿರುದ್ಧ ನಿಂತಾಗ ಅವರಿಗೆ ದೊರೆತ ಮತಗಳು 183 ಮಾತ್ರ. ಆ ವರ್ಷವೇ ಅವರು ಕಾಂಗ್ರೆಸ್ಸಿನಿಂದ ಹೊರಬಂದರು.

2. ಯುದ್ಧಕಾಲದ ನಿಲವು

ಹೊಸ ಪಕ್ಷವು ಹುಟ್ಟಿದ ಸಂದರ್ಭವೇ ಅದಕ್ಕೆ ಅಂಟಿದ ಕಳಂಕಕ್ಕೂ ಕಾರಣವಾಯಿತು. 1940ರ ಜೂನಿನಲ್ಲಿ ಫ್ರಾನ್ಸ್ ಹಿಟ್ಲರನಿಗೆ ಶರಣಾದಾಗ, ಈ ಯುದ್ಧವನ್ನು ಎರಡು ಸಾಮ್ರಾಜ್ಯಗಳ ಜಗಳವೆಂದು ಎಣಿಸಿ ದೂರ ನಿಲ್ಲುವುದು ತಪ್ಪೆಂದು ರಾಯ್ ವಾದಿಸಿದರು. ಫ್ಯಾಸಿಸಂ ಗೆದ್ದರೆ ಭಾರತದ ಸ್ವಾತಂತ್ರ್ಯದ ಮಾತೇ ಉಳಿಯದು. ಅದು ಸೋತರೆ, ಅದನ್ನು ಸೋಲಿಸುವ ಪ್ರಯತ್ನದಲ್ಲಿಯೇ ಬ್ರಿಟಿಷ್ ಸಾಮ್ರಾಜ್ಯವೂ ಬಳಲಿ ಬಡವಾಗುತ್ತದೆ. ಆದಕಾರಣ ಯುದ್ಧಪ್ರಯತ್ನಕ್ಕೆ ಬೆಂಬಲ ಕೊಡುವುದೇ ಸ್ವಾತಂತ್ರ್ಯದ ದಾರಿ ಎಂಬುದು ಅವರ ತರ್ಕಸರಣಿ. ಇದನ್ನು ಅನುಸರಿಸಿ ಪಕ್ಷವು 1942ರ ‘ಭಾರತ ಬಿಟ್ಟು ತೊಲಗಿ’ ಚಳವಳಿಯನ್ನು ವಿರೋಧಿಸಿತು.

ಯುದ್ಧವು ಬ್ರಿಟನ್ನನ್ನು ಬಡವಾಗಿಸುವುದೆಂಬ ಲೆಕ್ಕಾಚಾರ ತಪ್ಪಾಗಲಿಲ್ಲವೆಂಬುದನ್ನು 1947 ತೋರಿಸಿತು. ಆದರೆ ರಾಜಕೀಯದಲ್ಲಿ ಲೆಕ್ಕಾಚಾರ ಸರಿಯಾಗಿದ್ದರಷ್ಟೇ ಸಾಲದು. ದೇಶದ ನಾಯಕರೆಲ್ಲರೂ ಸೆರೆಮನೆಯಲ್ಲಿದ್ದಾಗ, ಆಳುವ ಸರ್ಕಾರದ ಪಕ್ಕದಲ್ಲಿ ನಿಂತವರ ಮಾತನ್ನು ಕೇಳುವ ತಾಳ್ಮೆ ಜನರಲ್ಲಿ ಇರಲಿಲ್ಲ. ಇದರ ಜೊತೆಗೆ, 1941ರಲ್ಲಿ ರಾಯ್ ಮತ್ತು ಅವರ ಸಂಗಡಿಗರು ಸ್ಥಾಪಿಸಿದ ಇಂಡಿಯನ್ ಫೆಡರೇಷನ್ ಆಫ್ ಲೇಬರ್ ಎಂಬ ಕಾರ್ಮಿಕ ಸಂಘಟನೆಗೆ ಯುದ್ಧಪ್ರಚಾರಕ್ಕಾಗಿ ಸರ್ಕಾರದಿಂದ ತಿಂಗಳಿಗೆ 13,000 ರೂಪಾಯಿ ಸಹಾಯಧನ ಸಲ್ಲುತ್ತಿದ್ದಿತು. ಹಣ ಪ್ರಚಾರಕ್ಕಷ್ಟೇ ಎಂಬ ಸಮಜಾಯಿಷಿ ಜನರ ಮನಸ್ಸಿಗೆ ಹತ್ತಲಿಲ್ಲ. ನೀತಿಯನ್ನು ರಾಜಕೀಯದ ಅಡಿಗಲ್ಲೆಂದು ಸಾರಿದ ಪಕ್ಷವು ಪರಸರ್ಕಾರದ ಹಣವನ್ನು ಒಪ್ಪಿಕೊಂಡ ತನ್ನ ಸಂಘಟನೆಯನ್ನು ಸಮರ್ಥಿಸಬೇಕಾಗಿ ಬಂದದ್ದು ಅದರ ಚರಿತ್ರೆಯಲ್ಲಿ ಅತ್ಯಂತ ದುರ್ಬಲವಾದ ಅಧ್ಯಾಯ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

3. ಆರ್ಥಿಕ ನೀತಿ: ಜನತಾ ಯೋಜನೆ

ಯುದ್ಧವು ಮುಗಿಯುವ ಮೊದಲೇ ಸ್ವತಂತ್ರ ಭಾರತದ ರೂಪುರೇಷೆಯನ್ನು ಬರೆದಿಡಬೇಕೆಂದು ಈ ಸಣ್ಣ ಪಕ್ಷವು ಹಂಬಲಿಸಿತು. ಅದರ ಫಲವಾಗಿ 1944ರಲ್ಲಿ ಎರಡು ದಾಖಲೆಗಳು ಸಿದ್ಧವಾದವು. ಮೊದಲನೆಯದು ಬಿ. ಎನ್. ಬ್ಯಾನರ್ಜಿ, ಜಿ. ಡಿ. ಪಾರೀಖ್ ಮತ್ತು ವಿ. ಎಂ. ತಾರಕುಂಡೆ ಇವರು ರಚಿಸಿದ ‘ಜನತಾ ಯೋಜನೆ’. ಅದೇ ವರ್ಷ ಟಾಟಾ, ಬಿರ್ಲಾ ಮೊದಲಾದ ಉದ್ಯಮಪತಿಗಳ ‘ಬೊಂಬಾಯಿ ಯೋಜನೆ’ಯೂ ಪ್ರಕಟವಾಗಿದ್ದಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಪಕ್ಷದ ದೃಷ್ಟಿ ಸ್ಪಷ್ಟವಾಗುತ್ತದೆ.

ಬೊಂಬಾಯಿ ಯೋಜನೆ ಹದಿನೈದು ವರ್ಷಗಳಲ್ಲಿ 10,000 ಕೋಟಿ ರೂಪಾಯಿಗಳ ವೆಚ್ಚವನ್ನು ಸೂಚಿಸಿದರೆ, ಜನತಾ ಯೋಜನೆ ಹತ್ತು ವರ್ಷಗಳಲ್ಲಿ 15,000 ಕೋಟಿಯನ್ನು ಸೂಚಿಸಿತು. ಮೊದಲನೆಯದರಲ್ಲಿ ಕೃಷಿಗೆ 1,240 ಕೋಟಿ, ಎಂದರೆ ನೂರಕ್ಕೆ ಸುಮಾರು 12. ಎರಡನೆಯದರಲ್ಲಿ 2,950 ಕೋಟಿ, ಎಂದರೆ ನೂರಕ್ಕೆ ಸುಮಾರು 20. ಕೈಗಾರಿಕೆಗೆ ಬೊಂಬಾಯಿ ಯೋಜನೆಯಲ್ಲಿ 4,480 ಕೋಟಿ ಮತ್ತು ಜನತಾ ಯೋಜನೆಯಲ್ಲಿ 5,600 ಕೋಟಿ ಇದ್ದರೂ, ಒಟ್ಟು ಮೊತ್ತದಲ್ಲಿ ಅದರ ಪಾಲು ನೂರಕ್ಕೆ 45ರಿಂದ 37ಕ್ಕೆ ಇಳಿಯಿತು. ಶಿಕ್ಷಣಕ್ಕೆ ಬೊಂಬಾಯಿ ಯೋಜನೆಯು 490 ಕೋಟಿಯನ್ನಿಟ್ಟರೆ ಜನತಾ ಯೋಜನೆಯು 1,040 ಕೋಟಿಯನ್ನಿಟ್ಟಿತು.

ಈ ಹಂಚಿಕೆಯ ಹಿಂದಿದ್ದ ಯುಕ್ತಿ ಇಷ್ಟು: ಹಳ್ಳಿಯ ರೈತನ ಕೈಯಲ್ಲಿ ಕೊಳ್ಳುವ ಶಕ್ತಿ ಇಲ್ಲದಿರುವಾಗ ಕಾರ್ಖಾನೆಯ ಸರಕಿಗೆ ಮಾರುಕಟ್ಟೆ ಎಲ್ಲಿಂದ ಬರಬೇಕು? ಮೊದಲು ಬೇಸಾಯವು ಚೇತರಿಸಿಕೊಳ್ಳಬೇಕು. ಅದಕ್ಕಾಗಿ ಗೇಣಿಯ ಭಾರ ತೊಲಗಬೇಕು, ಸಾಲದ ಹೊರೆ ಇಳಿಯಬೇಕು, ನೀರಾವರಿ ಹೆಚ್ಚಬೇಕು. ಆಮೇಲೆ ಜನರು ದಿನನಿತ್ಯ ಬಳಸುವ ವಸ್ತುಗಳ ಕೈಗಾರಿಕೆ ತಾನಾಗಿ ಬೆಳೆಯುವುದು. ಉತ್ಪಾದನೆಯ ಗುರಿ ಲಾಭವಾಗಿರದೆ ಬಳಕೆಯಾಗಿರಬೇಕೆಂಬುದು ಯೋಜನೆಯ ಮೂಲಸೂತ್ರ. ಹತ್ತೇ ವರ್ಷಗಳಲ್ಲಿ ಅಷ್ಟು ಬಂಡವಾಳವನ್ನು ಬಡ ದೇಶದ ಬೇಸಾಯದ ಉಳಿತಾಯದಿಂದಲೇ ಹೆಚ್ಚಾಗಿ ಒದಗಿಸಿಕೊಳ್ಳಬಹುದೆಂಬ ನಂಬಿಕೆ ಅತಿ ಆಶಾವಾದದ್ದೆಂದು ಹೇಳಬೇಕಾಗುತ್ತದೆ. ಆದರೂ ಯಾವುದು ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆಯನ್ನು ಅದು ಸರಿಯಾದ ಕಡೆಯಿಂದ ಎತ್ತಿತು.

4. ರಾಜ್ಯಾಂಗದ ಕರಡು: ಜನತಾ ಸಮಿತಿಗಳು

ಎರಡನೆಯ ದಾಖಲೆ ರಾಯ್ ಸಿದ್ಧಪಡಿಸಿದ ಸ್ವತಂತ್ರ ಭಾರತದ ರಾಜ್ಯಾಂಗದ ಕರಡು. ನಮ್ಮ ವಿಚಾರಣೆಗೆ ಇದು ಹೆಚ್ಚು ಮುಖ್ಯ. ಸಂಸದೀಯ ಪದ್ಧತಿಯಲ್ಲಿ ಪ್ರಜೆಯು ಹಲವು ವರ್ಷಗಳಿಗೊಮ್ಮೆ ಮತ ಹಾಕಿ, ತನ್ನ ಅಧಿಕಾರವನ್ನು ಇನ್ನೊಬ್ಬರಿಗೆ ಒಪ್ಪಿಸಿ, ಮುಂದಿನ ಚುನಾವಣೆಯವರೆಗೆ ಒಂಟಿಯಾಗಿ ಅಸಹಾಯಕನಾಗಿ ಉಳಿಯುತ್ತಾನೆ ಎಂಬುದು ರಾಯ್ ಅವರ ಆಕ್ಷೇಪಣೆ. ಇದಕ್ಕೆ ಪರಿಹಾರವಾಗಿ ಹಳ್ಳಿ, ಪಟ್ಟಣ, ನಗರಗಳಲ್ಲೆಲ್ಲ ವಯಸ್ಕ ಸ್ತ್ರೀಪುರುಷರು ವರ್ಷಕ್ಕೊಮ್ಮೆ ಆರಿಸುವ ಜನತಾ ಸಮಿತಿಗಳು ಇರಬೇಕೆಂದೂ, ರಾಜ್ಯದ ಅಧಿಕಾರಕ್ಕೆಲ್ಲ ಇವೇ ಮೂಲವಾಗಿರಬೇಕೆಂದೂ ಕರಡು ವಿಧಿಸಿತು. ಶಾಸನವನ್ನು ಸೂಚಿಸುವ, ಜನಮತಗಣನೆಯನ್ನು ಕೇಳುವ, ಪ್ರತಿನಿಧಿಯನ್ನು ಅವಧಿಗೆ ಮುಂಚೆಯೇ ಹಿಂದಕ್ಕೆ ಕರೆಸಿಕೊಳ್ಳುವ ಹಕ್ಕುಗಳನ್ನು ಈ ಸಮಿತಿಗಳಿಗೆ ಕೊಟ್ಟಿತು.

ಕೇಂದ್ರದಲ್ಲಿ ಜನಪ್ರತಿನಿಧಿಗಳ ಸಭೆಯ ಜೊತೆಗೆ ಎಂಜಿನಿಯರರು, ಅರ್ಥಶಾಸ್ತ್ರಜ್ಞರು, ವಿಜ್ಞಾನಿಗಳು, ವೈದ್ಯರು, ನ್ಯಾಯವೇತ್ತರು, ಇತಿಹಾಸಕಾರರು ಮೊದಲಾದ ವಿದ್ಯಾವಂತ ವೃತ್ತಿಗಳಿಂದ ಬಂದವರ ಮಂಡಲಿಯೊಂದು ಇರಬೇಕೆಂಬುದು ಇನ್ನೊಂದು ಸಲಹೆ. ಇತಿಹಾಸಕಾರರನ್ನೂ ಸೇರಿಸಿಕೊಂಡದ್ದಕ್ಕೆ ನಮ್ಮ ವೃತ್ತಿಯವರು ಸಂತೋಷಪಡಬಹುದಾದರೂ, ಕೆಳಗಿನಿಂದ ಅಧಿಕಾರವನ್ನು ಕಟ್ಟಬೇಕೆಂದವರು ಮೇಲೆ ಪಂಡಿತರ ಪೀಠವನ್ನೂ ಇಟ್ಟುಕೊಂಡದ್ದರಲ್ಲಿ ಒಂದು ವಿರೋಧವಿದೆಯೆಂಬುದನ್ನು ಗಮನಿಸಬೇಕು. ಜನರ ಮೇಲಿನ ವಿಶ್ವಾಸ ಮತ್ತು ವಿವೇಕಿಗಳ ಮೇಲಿನ ವಿಶ್ವಾಸ ಇವೆರಡೂ ರಾಯ್ ಅವರಲ್ಲಿ ಕೊನೆಯವರೆಗೂ ಜೊತೆಯಾಗಿಯೇ ಇದ್ದವು.

5. ಮಾನವತಾವಾದದ ಸಿದ್ಧಾಂತ

1945–46ರ ಚುನಾವಣೆಗಳಲ್ಲಿ ಪಕ್ಷವು ಸ್ಪರ್ಧಿಸಿ ಹೀನಾಯವಾಗಿ ಸೋತಿತು. ಆಗ ಮತದಾನದ ಹಕ್ಕು ಆಸ್ತಿ, ತೆರಿಗೆ, ವಿದ್ಯೆಗಳ ಮಿತಿಗೆ ಒಳಪಟ್ಟಿದ್ದುದರಿಂದ, ಜನತಾ ಯೋಜನೆ ಯಾರ ಹಿತಕ್ಕಾಗಿ ಬರೆಯಲ್ಪಟ್ಟಿತೋ ಅವರಲ್ಲಿ ಬಹುಮಂದಿಗೆ ಮತವೇ ಇರಲಿಲ್ಲ. ಆದರೆ ಮತವಿದ್ದವರೂ ಪಕ್ಷವನ್ನು ಒಪ್ಪಲಿಲ್ಲ. ಇದಾದ ಕೆಲವೇ ತಿಂಗಳಲ್ಲಿ, 1946ರ ಮೇ ತಿಂಗಳಿನಲ್ಲಿ, ಡೆಹರಾಡೂನಿನಲ್ಲಿ ನಡೆದ ಅಧ್ಯಯನ ಶಿಬಿರದಲ್ಲಿ ರಾಯ್ ತಮ್ಮ ವಿಚಾರಗಳನ್ನೆಲ್ಲ ಪುನಃ ಬುಡದಿಂದ ಪರಿಶೀಲಿಸಿದರು. ಅಲ್ಲಿಯ ಚರ್ಚೆಯ ಫಲವೇ 1946ರ ಡಿಸೆಂಬರಿನಲ್ಲಿ ಮುಂಬಯಿ ಸಮ್ಮೇಳನವು ಅಂಗೀಕರಿಸಿದ 22 ಸೂತ್ರಗಳು. ಮರುವರ್ಷ ಅವುಗಳ ವಿವರಣೆಯಾಗಿ ‘ನವಮಾನವತಾವಾದ’ ಎಂಬ ಪ್ರಣಾಳಿಕೆ ಹೊರಬಂದಿತು.

ಸೂತ್ರಗಳ ಸಾರ ಹೀಗಿದೆ. ಸಮಾಜಕ್ಕೆ ಮೂಲ ವ್ಯಕ್ತಿ. ರಾಷ್ಟ್ರವಾಗಲಿ ವರ್ಗವಾಗಲಿ ವ್ಯಕ್ತಿಯನ್ನು ಬಲಿಕೊಡುವ ಅಧಿಕಾರವನ್ನು ಪಡೆದಿಲ್ಲ. ಸ್ವಾತಂತ್ರ್ಯದ ಹಂಬಲ ಮತ್ತು ಸತ್ಯದ ಅನ್ವೇಷಣೆ ಇವು ಮಾನವ ಪ್ರಗತಿಯ ಮೂಲಪ್ರೇರಣೆಗಳು. ಪ್ರಕೃತಿಯು ನಿಯಮಬದ್ಧವಾದುದರಿಂದ ಅದರಿಂದಲೇ ಮೂಡಿಬಂದ ಮನುಷ್ಯನು ಸ್ವಭಾವತಃ ವಿವೇಕಿ; ನೀತಿಗೆ ಆಧಾರ ಆ ವಿವೇಕವೇ ಹೊರತು ಅಲೌಕಿಕವಾದ ಆಜ್ಞೆಯಲ್ಲ. ಉತ್ಪಾದನಾ ಸಾಧನಗಳು ಸರ್ಕಾರದ ವಶವಾದ ಮಾತ್ರಕ್ಕೆ ಶೋಷಣೆ ನಿಲ್ಲುವುದಿಲ್ಲ. ಸರ್ವಾಧಿಕಾರವು ತನ್ನನ್ನು ತಾನೇ ಶಾಶ್ವತಗೊಳಿಸಿಕೊಳ್ಳುವುದು.

ಇಲ್ಲಿ ಧರ್ಮನಿರಪೇಕ್ಷತೆಯ ಅರ್ಥವನ್ನು ವಿಶೇಷವಾಗಿ ಲಕ್ಷಿಸಬೇಕು. ಸರ್ಕಾರವು ಎಲ್ಲ ಮತಗಳನ್ನೂ ಸಮಾನವಾಗಿ ಕಾಣಬೇಕೆಂಬಲ್ಲಿಗೆ ಪಕ್ಷದ ವಾದವು ನಿಲ್ಲುತ್ತಿರಲಿಲ್ಲ. ರಾಜಕೀಯದಲ್ಲಿ ಪೂಜ್ಯಭಾವವನ್ನು ಬೆಳೆಸುವುದೇ ಪ್ರಜೆಯನ್ನು ಭಕ್ತನನ್ನಾಗಿ ಮಾಡುವ ಮಾರ್ಗವೆಂದೂ, ಭಕ್ತನು ಪ್ರಶ್ನೆ ಕೇಳಲಾರನೆಂದೂ ರಾಯ್ ನಂಬಿದ್ದರು. ಈ ಕಾರಣದಿಂದಲೇ ಅವರು ಗಾಂಧೀಜಿಯವರ ರಾಜಕೀಯವನ್ನು ಬಹುಕಾಲ ಕಟುವಾಗಿ ಟೀಕಿಸಿದರು; 1948ರಲ್ಲಿ ಗಾಂಧೀಜಿಯವರ ಹತ್ಯೆಯಾದ ತರುವಾಯ ಬರೆದ ಲೇಖನಗಳಲ್ಲಿ ಅವರ ನೈತಿಕ ನಿಷ್ಠೆಯನ್ನು ಗೌರವದಿಂದ ಕಂಡರು. ಮತವಿಮರ್ಶೆ ಎಂದರೆ ಮತದ್ವೇಷವಲ್ಲವೆಂಬುದಕ್ಕೆ, ಇಸ್ಲಾಮಿನ ಚಾರಿತ್ರಿಕ ಪಾತ್ರವನ್ನು ಕುರಿತು ಅವರು ಬರೆದು 1939ರಲ್ಲಿ ಪ್ರಕಟಿಸಿದ ಗ್ರಂಥವೇ ಸಾಕ್ಷಿ.

6. ವಿಸರ್ಜನೆ ಮತ್ತು ಅದರ ಕಾರಣ

1948ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಸೇರಿದ ಸಮ್ಮೇಳನವು ಪಕ್ಷವನ್ನು ವಿಸರ್ಜಿಸಿ, ಅದನ್ನು ರ‍್ಯಾಡಿಕಲ್ ಹ್ಯೂಮನಿಸ್ಟ್ ಚಳವಳಿಯಾಗಿ ಪರಿವರ್ತಿಸಿತು. 22 ಸೂತ್ರಗಳಲ್ಲಿ 19 ಮತ್ತು 20ನೆಯವನ್ನು ತಿದ್ದಿ, ಪಕ್ಷದ ಪಾತ್ರವನ್ನು ಅವುಗಳಿಂದ ತೆಗೆದುಹಾಕಲಾಯಿತು. ಹೊಸ ಸಮಾಜವನ್ನು ಬಯಸುವವರು ಮುಂದೆ ಆಳಲಿರುವವರಂತೆ ನಡೆದುಕೊಳ್ಳದೆ, ಜನರ ಮಿತ್ರರಾಗಿಯೂ ಶಿಕ್ಷಕರಾಗಿಯೂ ಕೆಲಸ ಮಾಡತಕ್ಕದ್ದೆಂದು ನಿರ್ಧಾರವಾಯಿತು. ‘ಇಂಡಿಪೆಂಡೆಂಟ್ ಇಂಡಿಯ’ ಪತ್ರಿಕೆ 1949ರಿಂದ ‘ರ‍್ಯಾಡಿಕಲ್ ಹ್ಯೂಮನಿಸ್ಟ್’ ಎಂಬ ಹೆಸರನ್ನು ತಳೆಯಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸೋಲೇ ಕಾರಣವೆನ್ನುವವರ ಪಕ್ಷದಲ್ಲಿ ಕಾಲಕ್ರಮದ ಬಲವಿದೆ: ಮೊದಲು ಚುನಾವಣೆಯ ಸೋಲು, ಆಮೇಲೆ ಸಿದ್ಧಾಂತದ ಪರಿಷ್ಕರಣೆ, ಕೊನೆಗೆ ವಿಸರ್ಜನೆ. ಗೆದ್ದಿದ್ದರೆ ಈ ಪರಿಷ್ಕರಣೆ ಇಷ್ಟು ಬೇಗ ಬರುತ್ತಿದ್ದಿತೇ ಎಂದು ಅವರು ಕೇಳಬಹುದು. ಬರುತ್ತಿರಲಿಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಇನ್ನೊಂದು ಕಡೆ 1944ರ ಕರಡು ಇದೆ. ಅದು ಸೋಲಿಗೆ ಮುಂಚಿನದು. ಸ್ಥಳೀಯ ಸಮಿತಿಗಳು ತಮ್ಮೊಳಗಿನಿಂದಲೇ ಪ್ರತಿನಿಧಿಯನ್ನು ಆರಿಸಿ, ಬೇಡವಾದಾಗ ಹಿಂದಕ್ಕೆ ಕರೆಸಿಕೊಳ್ಳುವುದಾದರೆ, ಪ್ರಜೆಗೂ ರಾಜ್ಯಕ್ಕೂ ನಡುವೆ ಪಕ್ಷಕ್ಕೆ ಇರುವ ಕೆಲಸವೇನು? ಈ ಪ್ರಶ್ನೆಯನ್ನು ಕರಡು ಬಾಯಿಬಿಟ್ಟು ಕೇಳಲಿಲ್ಲವಾದರೂ ಅದಕ್ಕೆ ಉತ್ತರವನ್ನು ತನ್ನಲ್ಲಿ ಅಡಗಿಸಿಕೊಂಡಿದ್ದಿತು. ಹೀಗಾಗಿ ವಿಸರ್ಜನೆಯ ಬೀಜ 1944ರದು, ಅದು ಮೊಳೆಯಲು ಬೇಕಾದ ಪ್ರಸಂಗ 1946ರದು ಎಂದು ಹೇಳುವುದೇ ಸಾಕ್ಷ್ಯಕ್ಕೆ ಹೆಚ್ಚು ಹೊಂದುವುದು. ಸೋತ ಪಕ್ಷಗಳು ಹಲವು. ಅವು ಹೆಸರನ್ನು ಬದಲಿಸಿಕೊಳ್ಳುವುದುಂಟು, ದೊಡ್ಡ ಪಕ್ಷದಲ್ಲಿ ಕರಗುವುದುಂಟು, ಮುಂದಿನ ಚುನಾವಣೆಗೆ ಕಾಯುವುದುಂಟು. ಇದು ಆ ಮೂರು ದಾರಿಗಳನ್ನೂ ಹಿಡಿಯಲಿಲ್ಲ.

7. ಪರಿಣಾಮ

ಹಾಗಾದರೆ ಅವರು ಮಾಡಿದ್ದು ಸರಿಯೇ? ವ್ಯಕ್ತಿಗಳ ಮೂಲಕ ಈ ವಿಚಾರಧಾರೆ ಉಳಿದುಕೊಂಡಿತೆಂಬುದರಲ್ಲಿ ಸಂಶಯವಿಲ್ಲ. 1952ರಲ್ಲಿ ಆಂಸ್ಟರ್‌ಡಾಮಿನಲ್ಲಿ ಅಂತರರಾಷ್ಟ್ರೀಯ ಮಾನವತಾವಾದಿ ಒಕ್ಕೂಟ ಸ್ಥಾಪಿತವಾದಾಗ ರಾಯ್ ಅವರ ಚಳವಳಿ ಅದರ ಸ್ಥಾಪಕ ಸದಸ್ಯಸಂಸ್ಥೆಗಳಲ್ಲಿ ಒಂದಾಗಿದ್ದಿತು. ರಾಯ್ 1954ರ ಜನವರಿ 25ರಂದು ಡೆಹರಾಡೂನಿನಲ್ಲಿ ತೀರಿಕೊಂಡರು. ಜನತಾ ಯೋಜನೆಯ ಕರ್ತೃಗಳಲ್ಲಿ ಒಬ್ಬರಾದ ತಾರಕುಂಡೆಯವರು ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದು, ಮುಂದೆ ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಜಯಪ್ರಕಾಶ ನಾರಾಯಣರೊಡನೆ ನಾಗರಿಕ ಹಕ್ಕುಗಳ ಸಂಘಟನೆಯನ್ನು ಕಟ್ಟುವುದರಲ್ಲಿ ಪ್ರಮುಖರಾದರು. ಮಹಾರಾಷ್ಟ್ರದಲ್ಲಿ ತರ್ಕತೀರ್ಥ ಲಕ್ಷ್ಮಣಶಾಸ್ತ್ರಿ ಜೋಶಿಯವರು ಈ ದೃಷ್ಟಿಯನ್ನು ಮರಾಠಿ ವಿದ್ವತ್ತಿನೊಳಗೆ ತಂದರು.

ಕರ್ನಾಟಕಕ್ಕೂ ಈ ಕಥೆಯಲ್ಲಿ ಸ್ಥಾನವಿದೆ. ಮೀರತ್ ಒಳಸಂಚಿನ ಮೊಕದ್ದಮೆಯಲ್ಲಿ ಶಿಕ್ಷೆ ಅನುಭವಿಸಿದ್ದ ಇಂಗ್ಲೆಂಡಿನ ಫಿಲಿಪ್ ಸ್ಪ್ರಾಟ್ ಕಮ್ಯೂನಿಸಂನಿಂದ ದೂರ ಸರಿದು ರಾಯ್ ಅವರ ಬಳಗವನ್ನು ಸೇರಿದರು. ಬೆಂಗಳೂರಿನಲ್ಲಿ ನೆಲಸಿ ‘ಮೈಸಿಂಡಿಯ’ ಎಂಬ ಇಂಗ್ಲಿಷ್ ವಾರಪತ್ರಿಕೆಯ ಸಂಪಾದಕರಾಗಿದ್ದರು. ಧಾರವಾಡದ ಪ್ರಾಂತದಿಂದ ಬಂದ ಎಸ್. ಆರ್. ಬೊಮ್ಮಾಯಿಯವರೂ ರಾಯ್ ಅವರ ಮಾನವತಾವಾದದ ಅನುಯಾಯಿಗಳು. 1988ರಲ್ಲಿ ಮುಖ್ಯಮಂತ್ರಿಗಳಾದ ಅವರ ಸರ್ಕಾರವನ್ನು 1989ರ ಏಪ್ರಿಲಿನಲ್ಲಿ ವಜಾ ಮಾಡಲಾಯಿತು. ಅವರ ಹೆಸರಿನಿಂದಲೇ ಪ್ರಸಿದ್ಧವಾದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 1994ರ ಮಾರ್ಚ್ 11ರಂದು ಇತ್ತ ತೀರ್ಪು, ಬಹುಮತದ ಪರೀಕ್ಷೆ ಶಾಸನಸಭೆಯಲ್ಲಿಯೇ ನಡೆಯತಕ್ಕದ್ದೆಂದೂ ಧರ್ಮನಿರಪೇಕ್ಷತೆಯು ಸಂವಿಧಾನದ ಮೂಲಲಕ್ಷಣವೆಂದೂ ಸ್ಥಿರಪಡಿಸಿತು. ತೀರ್ಪನ್ನು ರಾಯ್ ಅವರ ವಿಚಾರಗಳಿಗೆ ನೇರವಾಗಿ ಜೋಡಿಸುವುದು ಅತಿಯಾದೀತು. ಆದರೆ ಬೊಮ್ಮಾಯಿಯವರು ಆ ಸ್ಥಾನವನ್ನು ಮುಟ್ಟಿದ್ದು ಪಕ್ಷದ ಮೂಲಕವೇ ಎಂಬುದನ್ನು ಮರೆಯುವಂತಿಲ್ಲ. ಗುರುವು ಬಿಡಬೇಕೆಂದ ಸಾಧನವನ್ನು ಶಿಷ್ಯನು ಕೈಗೆತ್ತಿಕೊಳ್ಳಬೇಕಾಯಿತು.

ಉಳಿಯದೆ ಹೋದದ್ದು ಜನತಾ ಸಮಿತಿ. ಅದನ್ನು ಊರೂರಿನಲ್ಲಿ ಕಟ್ಟಲು ಕಾರ್ಯಕರ್ತರ ಪಡೆ ಬೇಕಾಗಿದ್ದಿತು. ಪಡೆಯನ್ನು ಒಟ್ಟಿಗೆ ಹಿಡಿದಿಡಲು ಸಂಘಟನೆ ಬೇಕಾಗಿದ್ದಿತು. ಇದ್ದ ಸಂಘಟನೆಯನ್ನು ಕಲ್ಕತ್ತೆಯಲ್ಲಿ ಬಿಟ್ಟುಕೊಟ್ಟಾಗಿದ್ದಿತು. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯು ಗ್ರಾಮಸಭೆಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟಿತು. ಆದರೆ ಶಾಸಕನನ್ನು ಹಿಂದಕ್ಕೆ ಕರೆಸಿಕೊಳ್ಳುವ ಅಧಿಕಾರ ಗ್ರಾಮಸಭೆಗಿಲ್ಲ. ರಾಜ್ಯದ ಅಧಿಕಾರಕ್ಕೆ ಅದು ಮೂಲವಲ್ಲ, ಮೇಲಿನಿಂದ ಇಳಿದುಬಂದ ಅಧಿಕಾರದ ಕೊನೆಯ ಮೆಟ್ಟಿಲು. 1944ರ ಕರಡನ್ನು ಪಕ್ಕದಲ್ಲಿಟ್ಟುಕೊಂಡು ಓದಿದವರಿಗೆ ಈ ವ್ಯತ್ಯಾಸ ಕಾಣದಿರದು.

ಆದುದರಿಂದ ರೋಗವನ್ನು ಗುರುತಿಸುವುದರಲ್ಲಿ ಈ ಪಕ್ಷವು ತಪ್ಪಲಿಲ್ಲ, ಚಿಕಿತ್ಸೆಯನ್ನು ನಡೆಸುವ ಕೈಯನ್ನೇ ಕಳೆದುಕೊಂಡಿತು ಎಂಬುದು ನಮ್ಮ ನಿರ್ಣಯ. ಪಕ್ಷವು ಅಧಿಕಾರಕ್ಕಾಗಿ ವಿವೇಕವನ್ನು ಮಾರಿಕೊಳ್ಳುತ್ತದೆಯೆಂಬ ರಾಯ್ ಅವರ ಆಕ್ಷೇಪಣೆಗೆ ಅವರ ಅನಂತರದ ದಶಕಗಳು ಉದಾಹರಣೆಗಳನ್ನು ಕೂಡಿಸುತ್ತಲೇ ಬಂದಿವೆ. ಪಕ್ಷವಿಲ್ಲದೆ ಜನರ ಅಧಿಕಾರವನ್ನು ಕಟ್ಟುವುದು ಹೇಗೆ ಎಂಬುದಕ್ಕೆ ಅವರ ಚಳವಳಿ ಕಾರ್ಯರೂಪದ ಉತ್ತರವನ್ನು ಕೊಡಲಿಲ್ಲ. ಆ ಉತ್ತರವನ್ನು ಹುಡುಕುವವರು ಗೆದ್ದ ಪಕ್ಷಗಳ ಚರಿತ್ರೆಯ ಜೊತೆಗೆ, ಎಂಟು ವರ್ಷ ಬಾಳಿ ತಾನಾಗಿ ಬಾಗಿಲನ್ನು ಮುಚ್ಚಿಕೊಂಡ ಈ ಪಕ್ಷದ ಕಾಗದಪತ್ರಗಳನ್ನೂ ಒಮ್ಮೆ ತೆರೆದು ನೋಡಬೇಕು.